ಬೂದು ಉಲ್ಲನ್

ತುಮಕೂರಿನಿಂದ ಗುಬ್ಬಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದು ಕೌಸಲ್ಯಳಿಗೆ ಕಿರಿಕಿರಿಯೇ ಆಯಿತು. ಕಂಬಿ ಹಿಡಿದು, ಯಾರದೋ ಮೊಳಕೈ ತಿವಿಸಿಕೊಂಡು, ಜೋಲಿ ಹೊಡೆಯುತ್ತ ನಿಂತು ಹೋಗಿದ್ದರೆ ಮನಸ್ಸಿಗೆ ಇಷ್ಟೊಂದು ಪುರುಸೊತ್ತು ಇರುತ್ತಿರಲಿಲ್ಲ. ಈಗ ಹೆಗ್ಗೆರೆ ದಾಟುವುದರೊಳಗೆ ಬೆಳಿಗ್ಗೆ ಹೇಳಿದ ಸುಳ್ಳು ಮಗ್ಗುಲಲ್ಲೇ ಬಂದು ಕೂತಿತ್ತು. ‘ಭಟ್ಟರಿಗೆ ಸ್ವೆಟರ್ ಸರಿಹೋಯ್ತೋ ಇಲ್ವೋ ನೋಡ್ಕೊಂಡು ಬರ್ತೀನಿ ಅತ್ತೆ’ ಎಂದಿದ್ದಳು. ಅತ್ತೆ ಅಲಮೇಲಮ್ಮನ ಮುಖ ಅರಳಿದ್ದನ್ನು ನೋಡಲಾಗದೆ ಚಪ್ಪಲಿ ಹುಡುಕುವವಳಂತೆ ಬಗ್ಗಿದ್ದಳು. ‘ಹೋಗ್ಬಾರಮ್ಮ. ನನಗೂ ಕೇಳ್ಬೇಕು ಅಂತಿತ್ತು. ಕೊಟ್ಟಮೇಲೆ ಕೇಳ್ಬಾರ್ದು ಅಂತ ಸುಮ್ನಿದ್ದೆ’ ಎಂದು ಅವರು ಎಳ್ಳುಬೆಲ್ಲದ ಡಬ್ಬಿ ಕಟ್ಟಿಕೊಟ್ಟು, ತಮ್ಮ ಮೈಮೇಲಿದ್ದ ಕಂದು ಶಾಲನ್ನೇ ತೆಗೆದು ಸೊಸೆಯ ಹೆಗಲಿಗೆ ಹೊದಿಸಿದ್ದರು. ಮನೆಯಲ್ಲಿ ಅವರಿಗಿದ್ದದ್ದು ಅದೊಂದೇ ಶಾಲು. ಕಳೆದ ತಿಂಗಳು ಮಾವನವರ ವರ್ಷಾಬ್ದಿಕಕ್ಕೆ ಬ್ರಾಹ್ಮಣಾರ್ಥಕ್ಕೆಂದು ಗುಬ್ಬಿಯಿಂದ ಬಂದಿದ್ದ ಶ್ರೀಕಂಠಯ್ಯನವರಿಗೆ, ಮಾವನವರ ಹೆಸರಿನಲ್ಲಿ, ಬೂದು ಬಣ್ಣದ ಒಂದು ಸ್ವೆಟರನ್ನು ದಾನ ಕೊಟ್ಟಿದ್ದರು. ಹೆಣೆದವಳು ಕೌಸಲ್ಯ. ಅದು ಭಟ್ಟರಿಗೆ ಸರಿಹೋಗಲಿ, ಬಿಗಿಯಾಗಲಿ, ಅವಳಿಗೆ ಆಗಬೇಕಾದ್ದೇನೂ ಇರಲಿಲ್ಲ. ಆ ಉಲ್ಲನ್ನನ್ನು ಇನ್ನೊಂದು ಸಲ ಕಣ್ಣಾರೆ ನೋಡಬೇಕಿತ್ತು, ಅಷ್ಟೇ. ಇದನ್ನು ಯಾರ ಹತ್ತಿರ ಹೇಳುವುದು? ಗಂಡನ ಹತ್ತಿರ ಹೇಳಿದರೆ ನಗುತ್ತಾನೆ. ಜಯರಾಮಯ್ಯನ ನಗೆಯೂ ಆಫೀಸಿನಲ್ಲಿ ಸವೆದು ಸವೆದು ಈಗ ಮೂಗಿನಿಂದಷ್ಟೇ ಬರುತ್ತಿತ್ತು.

‘ಮನೇಲೇ ಕುರಿಮಂದೆ ಕಟ್ಟಿದೀಯಲ್ಲೇ, ಕಾಯೋಕೆ ಒಂದು ನಾಯೀನೂ ತಂದ್ಬಿಡು’ ಎಂದಿದ್ದ ಒಂದು ಸಲ, ಬೀರುವಿನ ಬಾಗಿಲು ತೆಗೆದಾಗ ನಾಲ್ಕಾರು ಉಲ್ಲನ್ ಉಂಡೆಗಳು ಉರುಳಿ ಅವನ ಕಾಲ ಮೇಲೆ ಬಿದ್ದಾಗ. ಮೊದಮೊದಲು ಒಂದು ಟ್ರಂಕಿನಲ್ಲಿ ಅಡಗುತ್ತಿತ್ತು. ಆಮೇಲೆ ಮದುವೆಯ ಸೀರೆಗಳು ಟ್ರಂಕಿನಿಂದ ಗೋಡೆಯ ಗೂಡಿಗೆ ಹೋದವು, ಬೀರುವಿನ ಕೆಳಗಿನ ಅರೆ ಉಲ್ಲನ್ನಿಗಾಯಿತು, ಆಮೇಲೆ ಮೇಲಿನದೂ ಆಯಿತು. ಹಾಳಾದ ಅಕ್ಕಿ ಡ್ರಮ್ಮಿಗೆ ಬೇವಿನ ಎಲೆ ಹಾಸಿ, ಹಳೆಯ ಪಂಚೆ ಸುತ್ತಿ, ಅದರಲ್ಲೂ ತುಂಬಿದ್ದಳು. ಬಿಸಿಲು ಬಂದ ದಿನ ಎಲ್ಲವನ್ನೂ ಹಿತ್ತಲಿಗೆ ತಂದು ಚಾಪೆಯ ಮೇಲೆ ಹರಡುವಳು. ಹಸಿರುಗಳೆಲ್ಲ ಒಂದು ಕಡೆ, ಕೆಂಪುಗಳು ಇನ್ನೊಂದು ಕಡೆ, ಮಕ್ಕಳಿಗೆ ಹಾಕುವ ತೆಳು ಗುಲಾಬಿ, ತೆಳು ನೀಲಿ ನಡುವೆ. ನುಸಿಗುಳಿಗೆ ಬದಲಿಸುವುದು ಬರಿ ನೆಪ; ನೋಡುವುದೇ ಕೆಲಸ. ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಕಡ್ಡಿಗಳಿದ್ದವು, ನಂಬರಿನ ಪ್ರಕಾರ ಜೋಡಿಜೋಡಿಯಾಗಿ ದಾರ ಕಟ್ಟಿ. ಅಲ್ಯೂಮಿನಿಯಂ ಕಡ್ಡಿಗಳು ಒಂದಕ್ಕೊಂದು ತಾಗಿದಾಗ ಆಗುವ ಸಣ್ಣ ಸದ್ದು ಕಿವಿಗೆ ಬಿದ್ದರೆ ಅವಳ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತಿತ್ತು. ಮಗಳು ಶಾರದ ಮಾತ್ರ ಅಂಗಡಿಯಲ್ಲಿ ಕೊಂಡ ರೆಡಿಮೇಡ್ ಸ್ವೆಟರ್ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದಳು. ‘ನಿಮ್ಮಮ್ಮ ಅಷ್ಟೆಲ್ಲ ಹಾಕ್ತಾರಲ್ಲ, ನಿಂಗ್ಯಾಕೆ ಅಂಗಡೀದು?’ ಎಂದು ಟೀಚರು ಕೇಳಿದರಂತೆ. ಮನೆಗೆ ಬಂದು ಅದನ್ನು ಹೇಳಿದ ಹುಡುಗಿ ಉತ್ತರಕ್ಕೂ ಕಾಯದೆ ಕೈಕಾಲು ತೊಳೆಯಲು ಹೋಗಿದ್ದಳು. ಮಲ್ಲಸಂದ್ರದ ಹತ್ತಿರ ಬಸ್ಸು ನಿಂತಿತು. ಯಾರೋ ಕೋಳಿ ಹಿಡಿದುಕೊಂಡು ಹತ್ತಿದರು.

ಕುಣಿಗಲ್ಲಿನಲ್ಲಿ, ಅಣ್ಣನ ಮನೆಯಲ್ಲಿದ್ದ ಕಾಲದಲ್ಲಿ, ಅವಳ ಹತ್ತಿರ ಕಡ್ಡಿಯೂ ಇರಲಿಲ್ಲ, ದಾರವೂ ಇರಲಿಲ್ಲ. ಸೈಕಲ್ ಚಕ್ರದ ಎರಡು ಕಡ್ಡಿಗಳನ್ನು ಕಲ್ಲಿಗೆ ಉಜ್ಜಿ ಮೊನೆ ಮಾಡಿಕೊಂಡು ಗೋಣಿದಾರದಲ್ಲಿ ಹೆಣೆಯುತ್ತಿದ್ದಳು. ಕುದುರೆ ಫಾರಂನ ಡಾಕ್ಟರ ಹೆಂಡತಿ ಮಧ್ಯಾಹ್ನದ ಹೊತ್ತು ಹುಡುಗಿಯರಿಗೆ ಸ್ವೆಟರ್ ಹಾಕುವುದನ್ನು ಕಲಿಸುತ್ತಾರೆಂದು ಕೇಳಿ ಹೋದಳು. ಆಕೆಯ ಬೆತ್ತದ ಬುಟ್ಟಿಯಲ್ಲಿ ಬಿಳಿ ಉಲ್ಲನ್ ಇತ್ತು. ಅಂಥ ಬಿಳುಪನ್ನು ಕೌಸಲ್ಯ ಅದುವರೆಗೆ ಕಂಡಿರಲಿಲ್ಲ. ಕೈಚಾಚಿದಳು. ‘ಏಯ್, ನೀನು ಮುಟ್ಬೇಡ. ನಿನ್ನ ಕೈ ಬೆವರುತ್ತೆ, ಉಲ್ಲನ್ ಕೊಳೆ ಆಗುತ್ತೆ’ ಎಂದು ಆಕೆ ಬುಟ್ಟಿಯನ್ನು ಪಕ್ಕಕ್ಕೆ ಎಳೆದುಕೊಂಡರು. ಬೈದದ್ದಲ್ಲ; ಹಾಲು ಉಕ್ಕುತ್ತಿದೆ ಎಂದು ಹೇಳುವ ಧಾಟಿಯಲ್ಲೇ ಹೇಳಿದ್ದು. ಆಮೇಲೆ ಹೋದಾಗಲೆಲ್ಲ ಅವಳಿಗೆ ಕೊಟ್ಟದ್ದು ಹಳೆಯ ಸ್ವೆಟರು ಬಿಚ್ಚಿ ಉಂಡೆ ಸುತ್ತುವ ಕೆಲಸ. ಬಿಚ್ಚುವುದನ್ನು ಅವಳು ಹೆಣೆಯುವುದಕ್ಕಿಂತ ಮುಂಚೆ ಕಲಿತಳು. ಹೊರಡುವಾಗ ಆಕೆ ಕಡ್ಡಿಗಳನ್ನು ಎಣಿಸಿ ಒಳಗಿಡುತ್ತಿದ್ದರು. ಕೌಸಲ್ಯ ಬಾಗಿಲ ಹತ್ತಿರ, ಎಣಿಕೆ ಮುಗಿಯುವವರೆಗೆ, ಅಂಗೈಗಳನ್ನು ಲಂಗಕ್ಕೆ ಉಜ್ಜಿಕೊಳ್ಳುತ್ತ ನಿಂತಿರಬೇಕಾಗಿತ್ತು. ಈಗಲೂ, ಬಸ್ಸಿನ ಕಿಟಕಿಯಿಂದ ಚಳಿಗಾಳಿ ಹೊಡೆಯುತ್ತಿದ್ದರೂ, ಅವಳ ಅಂಗೈ ಒದ್ದೆಯಾಗಿತ್ತು.

ಬೂದು ಉಲ್ಲನ್ ಬಂದದ್ದು ಎಮರ್ಜೆನ್ಸಿ ಮುಗಿದ ವರ್ಷ. ಚಿಕ್ಕಪೇಟೆಯ ರುದ್ರಯ್ಯನ ಫ್ಯಾನ್ಸಿ ಅಂಗಡಿಗೆ ಅವಳು ಮಧ್ಯಾಹ್ನದ ಹೊತ್ತು, ಗಿರಾಕಿಗಳಿಲ್ಲದಾಗ, ಉಳಿದ ಹೆಂಗಸರು ಭಜನೆಗೆ ಹೋಗುವಷ್ಟು ನೇಮದಿಂದ ಹೋಗುತ್ತಿದ್ದಳು. ‘ಅಮ್ಮಾವ್ರೆ, ಹೊಸ ಮಾಲು ಬಂದೈತೆ, ಇನ್ನೂ ಬಾಕ್ಸೇ ಒಡ್ದಿಲ್ಲ, ನಿಮ್ಗೇ ಅಂತ ಮಡ್ಗಿವ್ನಿ’ ಎಂದು ರುದ್ರಯ್ಯ ಪೆಟ್ಟಿಗೆಯ ಟ್ವೈನು ಕತ್ತರಿಸಿದ. ಒಳಗಿದ್ದದ್ದು ದೇವರಾಯನದುರ್ಗದ ಬಂಡೆಗೆ ಬೆಳಗಿನ ಮಂಜು ಇಳಿದಾಗ ಬರುವ ಬಣ್ಣ. ಬೂದು ಎಂದರೆ ಬೂದಲ್ಲ, ಒಳಗೊಳಗೆ ಒಂದಿಷ್ಟು ನೀಲಿ. ಕೆನ್ನೆಗೆ ಒತ್ತಿಕೊಂಡರೆ ಚುಚ್ಚಲಿಲ್ಲ. ‘ಒಂದೇ ಲಾಟು ಬಂದೈತೆ. ಮಿಲ್‌ನೋರು ಈ ಬಣ್ಣ ನಿಲ್ಸ್‌ಬುಟ್ರಂತೆ. ಬೇಕಾದ್ರೆ ಪೂರಾ ತಗೊಳಿ’ ಎಂದ. ಪೂರಾ ತೆಗೆದುಕೊಳ್ಳಲು ಅವಳಿಗೆ ಒಂದು ನೆಪ ಬೇಕಿತ್ತು, ಆ ನೆಪ ಮನೆಯ ಜಗಲಿಯ ಮೇಲೆ ಬಿಸಿಲು ಕಾಯಿಸುತ್ತ ಕೂತಿತ್ತು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ರಿಟೈರ್ ಆಗಿದ್ದ ಮಾವ ಅನಂತರಾಮಯ್ಯ, ಸೊಸೆಯನ್ನು ಒಂದು ಲೋಟ ನೀರೂ ಕೇಳದ ಮನುಷ್ಯ, ಹಿಂದಿನ ವಾರವಷ್ಟೇ ಪೇಪರಿನಿಂದ ತಲೆ ಎತ್ತದೆ ಹೇಳಿದ್ದರು: ‘ನಿನಗೆ ಪುರುಸೊತ್ತಾದಾಗ ನೋಡಮ್ಮ. ಧನುರ್ಮಾಸದಲ್ಲಿ ಬೆಳಗಿನ ಜಾವ ದೇವಸ್ಥಾನಕ್ಕೆ ಹೋಗ್ಬೇಕಾದ್ರೆ ಎದೆ ಹಿಡ್ಕೊಳುತ್ತೆ. ಒಂದು ಸ್ವೆಟರ್ ಇದ್ರೆ ಆಗ್ತಿತ್ತು.’

ಅವಳ ಉಲ್ಲನ್ ಕೆಲಸಕ್ಕೆ ಮನೆಯಲ್ಲಿ ಅವರೊಬ್ಬರೇ ಸಹಾಯಕರು. ಲಡಿಯನ್ನು ಉಂಡೆ ಸುತ್ತಬೇಕಾದರೆ ಎದುರಿಗೆ ಯಾರಾದರೂ ಎರಡೂ ಕೈ ಚಾಚಿ ಹಿಡಿದುಕೊಳ್ಳಬೇಕು. ಗಂಡನಿಗೆ ತಾಳ್ಮೆಯಿಲ್ಲ, ಮಗಳಿಗೆ ಹೋಂವರ್ಕು. ಮಾವ ಮಾತ್ರ ಕನ್ನಡಕ ಒರೆಸಿ ಹಾಕಿಕೊಂಡು, ‘ಹೂಂ, ತಾ’ ಎಂದು ಮಣಿಕಟ್ಟುಗಳನ್ನು ಮುಂದಕ್ಕೆ ಚಾಚುತ್ತಿದ್ದರು. ದಾರ ಎಳೆಯುವ ಲಯಕ್ಕೆ ಸರಿಯಾಗಿ ಕೈಗಳನ್ನು ಆಚೆಗೊಮ್ಮೆ ಈಚೆಗೊಮ್ಮೆ ವಾಲಿಸುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬೂದು ಉಲ್ಲನ್ನಿನ ಲಡಿಗಳನ್ನೂ ಅವರೇ ಹಿಡಿದರು, ತಮಗೆಂದು ಗೊತ್ತಿದ್ದು ಹಿಡಿದರು. ಅವತ್ತು ಹೊತ್ತು ಮುಳುಗುವವರೆಗೂ ಸುತ್ತಿದರು. ‘ಕೈ ನೋಯ್ತಾ ಮಾವ?’ ಎಂದು ಕೇಳಿದಳು. ‘ಇಲ್ಲಮ್ಮ. ಬೆಚ್ಚಗಿದೆ’ ಎಂದರು. ‘ಬರೀ ಕೈಗೆ ಸುತ್ಕೊಂಡ್ರೇ ಇಷ್ಟು ಬೆಚ್ಚಗಿದ್ರೆ, ಇನ್ನು ಮೈಗೆ ಹಾಕ್ಕೊಂಡ್ರೆ ಹ್ಯಾಗಿರುತ್ತೋ.’ ಆ ಉಂಡೆಗಳನ್ನು ಅವಳು ಮಲ್ ಬಟ್ಟೆಯಲ್ಲಿ ಕಟ್ಟಿ ಟ್ರಂಕಿನಲ್ಲಿಟ್ಟಳು. ಮಾರನೆಯ ದಿನ ಶುರುಮಾಡೋಣ ಎಂದುಕೊಂಡದ್ದು ನಿಜ. ಮಾರನೆಯ ದಿನ ಟ್ರಂಕು ತೆಗೆದು, ನೋಡಿ, ಮುಚ್ಚಿದಳು.

ಅವಳು ಕೆಟ್ಟವಳಲ್ಲ; ಕೆಟ್ಟವಳಾಗಿದ್ದರೆ ಸುಲಭವಾಗುತ್ತಿತ್ತು. ಒಂದು ಸಲ ಕುಣಿಕೆ ಹಾಕಿದಳು, ಅಂಚಿನ ಪಟ್ಟಿಯನ್ನು ನಾಲ್ಕು ಬೆರಳಷ್ಟು ಹೆಣೆದಳು. ಹೆಣೆಯುತ್ತಿದ್ದ ಹಾಗೆ ಉಂಡೆ ಸಣ್ಣದಾಗುತ್ತಿರುವುದು ಕಣ್ಣಿಗೆ ಬಿತ್ತು. ತಟ್ಟೆಯಲ್ಲಿದ್ದ ಮೆಚ್ಚಿನ ತಿಂಡಿ ತೀರುತ್ತಿರುವುದನ್ನು ನೋಡುವ ಮಗುವಿನ ಹಾಗೆ ಅವಳಿಗೆ ಅಳು ಬರುವಂತಾಯಿತು. ಪಟ್ಟಿ ಬಿಗಿಯಾಯಿತೆಂದು ತನಗೆ ತಾನೇ ಹೇಳಿಕೊಂಡು ಪೂರ್ತಿ ಬಿಚ್ಚಿದಳು. ಸರಿಯಾದ ನಂಬರಿನ ಕಡ್ಡಿ ಬೆಂಗಳೂರಿನಿಂದ ಬರಬೇಕು ಎಂದು ಮಾವನಿಗೆ ಹೇಳಿದಳು. ‘ಅವಸರವೇನಿಲ್ಲ’ ಎಂದರು ಅವರು. ಒಂದು ಧನುರ್ಮಾಸ ಕಳೆಯಿತು. ಬೆಳಗಿನ ಜಾವ ಅವರು ಹಳೆಯ ಕೋಟಿನ ಮೇಲೆ ಟವಲು ಸುತ್ತಿಕೊಂಡು ಹೊರಡುವುದನ್ನು, ಗೇಟಿನ ಹತ್ತಿರ ನಿಂತು ಕೆಮ್ಮುವುದನ್ನು ಅವಳು ಅಡಿಗೆಮನೆಯಲ್ಲಿ ಹುಗ್ಗಿಗೆ ಮೆಣಸು ಕುಟ್ಟುತ್ತ ಕೇಳಿಸಿಕೊಂಡಳು. ಕೆಮ್ಮಿದಾಗಲೆಲ್ಲ ಜೋರಾಗಿ ಕುಟ್ಟಿದಳು. ಬೇಸಿಗೆಯಲ್ಲಿ ಒಂದು ದಿನ ಅವರು ಯಾವುದೋ ಮಾತಿನ ನಡುವೆ ‘ಆ ಉಲ್ಲನ್ನಿಗೆ ನುಸಿ ಹಿಡಿಯಲ್ಲ ತಾನೇನಮ್ಮ?’ ಎಂದು ಕೇಳಿದರು. ‘ಇಲ್ಲ ಮಾವ, ಗುಳಿಗೆ ಹಾಕಿದೀನಿ’ ಎಂದಳು. ಮತ್ತೆ ಅವರು ಆ ಸುದ್ದಿ ಎತ್ತಲಿಲ್ಲ. ಮುಂದಿನ ಧನುರ್ಮಾಸದಲ್ಲಿ, ದೇವಸ್ಥಾನದಿಂದ ಬಂದು ಜಗಲಿಯ ಮೇಲೆ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಡಾಕ್ಟರು ಹೃದಯ ಎಂದರು, ವಯಸ್ಸು ಎಂದರು. ಚಳಿ ಎಂದು ಯಾರೂ ಹೇಳಲಿಲ್ಲ. ಯಾರಾದರೂ ಹೇಳಿದ್ದರೆ ಅವಳು ಜಗಳವಾಡಬಹುದಿತ್ತು.

ಗುಬ್ಬಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಭಟ್ಟರ ಬೀದಿಗೆ ದಾರಿ ಕೇಳುವಾಗಲೂ ಅವಳ ತಲೆಯಲ್ಲಿ ಅತ್ತೆಯ ಕನಸೇ ಇತ್ತು. ವರ್ಷಾಬ್ದಿಕಕ್ಕೆ ಒಂದು ತಿಂಗಳಿದೆ ಎನ್ನುವಾಗ ಅಲಮೇಲಮ್ಮ ಬೆಳಿಗ್ಗೆ ಎದ್ದು ಕಾಫಿ ಮುಟ್ಟದೆ ಕೂತಿದ್ದರು. ‘ಕನಸಲ್ಲಿ ಬಂದಿದ್ರು ಕಣೇ. ಒದ್ದೆ ಪಂಚೇಲಿ ನಿಂತಿದ್ರು. ಎರಡೂ ಕೈ ಹೀಗೆ ಮುಂದಕ್ಕೆ ಚಾಚ್ಕೊಂಡು. ಏನು ಅಂತ ಕೇಳಿದ್ರೆ ಚಳಿ ಅಂದ್ರು.’ ಅತ್ತೆ ಮಣಿಕಟ್ಟುಗಳನ್ನು ಚಾಚಿ ತೋರಿಸಿದರು. ಹಾಗೆ ಏಕೆ ನಿಂತಿದ್ದರೆಂಬುದು ಅವರಿಗೆ ಗೊತ್ತಾಗಲಿಲ್ಲ. ಕೌಸಲ್ಯಳಿಗೆ ಗೊತ್ತಾಯಿತು. ಹೋದವರಿಗೆ ಏನು ಕೊರತೆಯಾಗಿತ್ತೋ ಅದನ್ನು ವರ್ಷಾಬ್ದಿಕದಲ್ಲಿ ದಾನ ಕೊಟ್ಟರೆ ಅಲ್ಲಿ ಅವರಿಗೆ ಮುಟ್ಟುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರೂ ನಂಬಿದ ಮಾತು. ಅಜ್ಜಿಯ ಹೆಸರಿನಲ್ಲಿ ಹಿಂದೆ ಯಾವಾಗಲೋ ಛತ್ರಿ ಕೊಟ್ಟಿದ್ದರಂತೆ. ‘ಅವರಿಗೆ ಅಂತ ತಂದಿದ್ಯಲ್ಲ, ಆ ಉಲ್ಲನ್ ಇದೆಯೇನೆ?’ ಎಂದು ಅತ್ತೆ ಕೇಳಿದಾಗ ಇಲ್ಲ ಎನ್ನಲು ಬಾಯಿ ತೆರೆದವಳು, ಆ ಕೈಗಳು ಇನ್ನೂ ಚಾಚಿಕೊಂಡೇ ಇದ್ದುದನ್ನು ನೋಡಿ, ಇದೆ ಎಂದಳು. ಹದಿನೈದು ದಿನದಲ್ಲಿ ಹೆಣೆದು ಮುಗಿಸಿದಳು. ಅದೇ ಅವಳನ್ನು ಕೊಂದದ್ದು. ಇಷ್ಟೇ ದಿನದ ಕೆಲಸ. ದಾರವೆಲ್ಲ ಮುಗಿದು ಗೇಣುದ್ದ ಉಳಿಯಿತು. ಅವಳು ಹಾಕಿದವುಗಳಲ್ಲೆಲ್ಲ ಅದೇ ಒಳ್ಳೆಯ ಸ್ವೆಟರು. ದಾನದ ದಿನ ಅದರ ಮೇಲೆ ತುಳಸಿದಳ ಇಟ್ಟು, ಜಯರಾಮಯ್ಯ ಕೈಯಲ್ಲಿ ಹಿಡಿದುಕೊಂಡು, ಅವಳು ಉದ್ಧರಣೆಯಿಂದ ನೀರು ಬಿಡುತ್ತಿದ್ದಾಗ ಪುರೋಹಿತರು ‘ನ ಮಮ ಅನ್ನಿ’ ಎಂದರು. ನನ್ನದಲ್ಲ ಎಂದು ಅರ್ಥವಂತೆ. ಗಂಡ ಅಂದ. ಅವಳು ತುಟಿ ಅಲ್ಲಾಡಿಸಿದಳು.

ಶ್ರೀಕಂಠಯ್ಯನವರ ಮನೆ ಸಣ್ಣದು, ಒಳಗೆ ಕತ್ತಲು. ಭಟ್ಟರು ನಿಟ್ಟೂರಿಗೆ ಯಾವುದೋ ಗೃಹಪ್ರವೇಶಕ್ಕೆ ಹೋಗಿದ್ದರು. ಅವರ ಹೆಂಡತಿ ಗಂಗಲಕ್ಷ್ಮಮ್ಮ, ಅಗಲ ಮುಖದ, ದೊಡ್ಡ ದನಿಯ ಹೆಂಗಸು, ಎಳ್ಳುಬೆಲ್ಲದ ಡಬ್ಬಿಯನ್ನು ತೆಗೆದುಕೊಂಡು ಮಣೆ ಹಾಕಿದರು, ಕಾಫಿ ಕೊಟ್ಟರು, ತುಮಕೂರಿನಲ್ಲಿ ಸೀಮೆಎಣ್ಣೆ ಸಿಗುತ್ತದೆಯೇ ಎಂದು ವಿಚಾರಿಸಿದರು. ಕೌಸಲ್ಯಳ ಕಣ್ಣು ಗೂಟಗಳನ್ನು, ತಂತಿಯ ಮೇಲಿನ ಬಟ್ಟೆಗಳನ್ನು, ಅಟ್ಟದ ಅಂಚನ್ನು ಹುಡುಕುತ್ತಿತ್ತು. ಕೊನೆಗೆ ತಡೆಯಲಾಗದೆ ಕೇಳಿದಳು.

‘ಆ ಸ್ವೆಟರ್ ಭಟ್ಟರಿಗೆ ಸರಿಹೋಯ್ತಾ? ಅತ್ತೆ ಕೇಳ್ಕೊಂಡು ಬಾ ಅಂದ್ರು.’

ಗಂಗಲಕ್ಷ್ಮಮ್ಮ ಮುಜುಗರ ಪಡಲಿಲ್ಲ. ‘ಏನಂದ್ಕೋಬೇಡಿ ಕಣಮ್ಮ. ಹೋದೋರ ಹೆಸರಲ್ಲಿ ಬಂದದ್ದನ್ನ ಇವರು ಮೈಗೆ ಹಾಕ್ಕೊಳಲ್ಲ. ಛತ್ರಿ, ಚೊಂಬು, ಕಂಬಳಿ ಆದ್ರೆ ಅಂಗಡಿಯೋನು ವಾಪಸ್ ತಗೋತಾನೆ. ಇದು ಕೈಯಲ್ಲಿ ಹಾಕಿದ್ದು, ಯಾರು ತಗೋತಾರೆ ಹೇಳಿ? ಆದ್ರೂ ಉಪಯೋಗ್ವಾಗಿದೆ, ದಂಡ ಮಾಡಿಲ್ಲ. ಬನ್ನಿ ತೋರಿಸ್ತೀನಿ’ ಎಂದು ಅಡಿಗೆಮನೆಯ ಮೂಲೆಗೆ ಕರೆದುಕೊಂಡು ಹೋದರು. ಒಲೆಯ ಪಕ್ಕದಲ್ಲಿ ದೊಡ್ಡದೊಂದು ಪಾತ್ರೆಗೆ ಸ್ವೆಟರನ್ನು ತೊಡಿಸಿದ್ದರು. ಕತ್ತಿನಿಂದ ಪಾತ್ರೆಯ ಬಾಯಿ ಹೊರಗೆ ಬಂದಿತ್ತು. ಎರಡು ತೋಳುಗಳನ್ನು ಮುಂದಕ್ಕೆ ತಂದು ಬಿಗಿಯಾಗಿ ಗಂಟು ಹಾಕಿದ್ದರು. ‘ಈ ಚಳೀಲಿ ದೋಸೆ ಹಿಟ್ಟು ಹುಳೀನೇ ಬರ್ತಿರಲಿಲ್ಲ. ಇದನ್ನ ಹಾಕಿದ್ಮೇಲೆ ನೋಡಿ, ಬೆಳಿಗ್ಗೆ ಹೊತ್ಗೆ ಮುಚ್ಚಳ ಎತ್ತಿರುತ್ತೆ.’ ಉಕ್ಕಿದ ಹಿಟ್ಟು ಎದೆಯ ಮೇಲೆ ಇಳಿದು ಒಣಗಿ ಬಿಳಿಯ ಹಕ್ಕಳೆ ಕಟ್ಟಿತ್ತು.

ಕೌಸಲ್ಯಳ ಮೈಯೆಲ್ಲ ಉರಿದುಹೋಯಿತು. ಮಾವನವರಿಗೆ ಮುಟ್ಟಲಿಲ್ಲವಲ್ಲ, ಅವರು ಇನ್ನೂ ಒದ್ದೆ ಪಂಚೆಯಲ್ಲೇ ಇದ್ದಾರಲ್ಲ ಎಂದು ಮೊದಲು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅಯ್ಯೋ ನನ್ನ ಉಲ್ಲನ್, ಎಂದು ಅನ್ನಿಸಿತು. ತೋಳು ಗಂಟುಹಾಕಿದ ಕಡೆ ಎಳೆ ಸೆಳೆದು ಹಿಗ್ಗಿದ್ದನ್ನು, ಮಸಿ ತಾಗಿದ್ದನ್ನು ನೋಡಿದಳು. ಮಾವ ಕೆಮ್ಮುವಾಗ ಬರದಿದ್ದ ನೀರು ಈಗ ಕಣ್ಣಿಗೆ ಬಂತು, ಮತ್ತು ಅದು ಯಾತಕ್ಕೆ ಬಂತೆಂದು ಅವಳಿಗೆ ಚೆನ್ನಾಗಿ ತಿಳಿದಿತ್ತು. ನಾಚಿಕೆಯಾಯಿತು. ನಾಚಿಕೆಯಾದರೂ ಕೈ ಆಗಲೇ ಗಂಟು ಬಿಚ್ಚುತ್ತಿತ್ತು.

‘ಇದನ್ನ ನಂಗೆ ಕೊಡಿ. ತೊಳ್ದು, ಸರಿಮಾಡಿ ತಂದ್ಕೊಡ್ತೀನಿ’ ಎಂದಳು.

‘ತೊಳ್ಯೋದೇನು ಬಿಡಿ, ಹಿಟ್ಟಿನ ಪಾತ್ರೆಗೆ.’

‘ಇಲ್ಲ, ಕೊಡಿ. ಪಾತ್ರೆಗೆ ಇದನ್ನ ಸುತ್ಕೊಳಿ.’ ಸ್ವೆಟರನ್ನು ಕಳಚಿ, ಹೆಗಲಿನಿಂದ ಅತ್ತೆಯ ಶಾಲು ತೆಗೆದು ಪಾತ್ರೆಯ ಸುತ್ತ ತಾನೇ ಸುತ್ತಿದಳು. ಗಂಗಲಕ್ಷ್ಮಮ್ಮ ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು, ಆಮೇಲೆ ಅವಳ ಮುಖ ನೋಡಿದರು. ಅವರ ಕಣ್ಣಿನಲ್ಲಿ ಈಗ ಬೇರೆ ಏನೋ ಇತ್ತು. ‘ಕೊಟ್ಟ ದಾನ ಕೊಟ್ಟೋರೇ ವಾಪಸ್ ತಗೋಬಾರ್ದು ಕಣಮ್ಮ, ಬಹಳ ದೋಷ. ನಿಮಗೆ ಗೊತ್ತಿರ್ಬೇಕಲ್ಲ’ ಎಂದರು.

‘ತೊಳ್ದು ತಂದ್ಕೊಡ್ತೀನಿ ಅಂದ್ನಲ್ಲ.’

‘ಹೂಂ, ತಗೊಂಡ್ಹೋಗಿ. ನಾನು ಒಲೆ ನೋಡ್ತಿರ್ತೀನಿ, ನೀವು ತಗೊಂಡಿದ್ದು ನಾನು ನೋಡಿಲ್ಲ’ ಎಂದು ಆಕೆ ಬೆನ್ನು ತಿರುಗಿಸಿ, ಒಲೆಯ ಮುಂದೆ ಕೂತು, ಅಗತ್ಯವಿಲ್ಲದಿದ್ದರೂ ಸೌದೆ ಸರಿಮಾಡತೊಡಗಿದರು. ಕೌಸಲ್ಯ ಸ್ವೆಟರನ್ನು ಚೀಲಕ್ಕೆ ತುರುಕಿಕೊಂಡು ಹೊರಗೆ ಬಂದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಆದರೂ ಬೇಗ ಬೇಗ ನಡೆದಳು, ಅಂಗೈಯನ್ನು ಸೀರೆಗೆ ಉಜ್ಜಿಕೊಳ್ಳುತ್ತ.

ವಾಪಸ್ ಬರುವ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಬರಿ ಮುಟ್ಟಿ ನೋಡೋಣವೆಂದು ಕೈ ಒಳಗೆ ಹಾಕಿದಳು. ಎಡತೋಳಿನ ಒಳಮಗ್ಗುಲಲ್ಲಿ ಕೊನೆಯ ಎಳೆಯನ್ನು ಎಲ್ಲಿ ಬಚ್ಚಿಟ್ಟು ಗಂಟುಹಾಕಿದ್ದಳೆಂದು ಬೆರಳಿಗೇ ಗೊತ್ತಿತ್ತು. ಉಗುರಿನಿಂದ ಕೆದಕಿದಳು. ಬಂತು. ಎಳೆದಳು. ಸಾಲು ಸಾಲಾಗಿ ಬಿಚ್ಚತೊಡಗಿತು, ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಓಡಿ, ತಿರುಗಿ, ಮತ್ತೆ ಓಡಿ. ಪ್ರತಿ ಎಳೆತಕ್ಕೂ ಸಣ್ಣಗೆ ಪಟಪಟ ಎನ್ನುವ ಅದುರು ಬೆರಳಿಗೆ ತಾಗುತ್ತಿತ್ತು. ಮನೆಯಲ್ಲಿ ಬಿಚ್ಚಬಹುದಿತ್ತು; ಆದರೆ ಸ್ವೆಟರಿನ ಆಕಾರದಲ್ಲಿ ಅದನ್ನು ಮನೆಯೊಳಗೆ ಒಯ್ಯಲು ಧೈರ್ಯವಿರಲಿಲ್ಲ. ಉಂಡೆಯಾದರೆ ಅದು ಯಾರದೂ ಅಲ್ಲ. ಬಿಚ್ಚಿದ ಉಲ್ಲನ್ ಗುಂಗುರು ಗುಂಗುರಾಗಿ ಚೀಲ ತುಂಬಿತು. ಬಿಸಿನೀರಲ್ಲಿ ಅದ್ದಿ, ಲಡಿ ಕಟ್ಟಿ, ಕೆಳಗೆ ಭಾರ ಬಿಟ್ಟು ಒಣಗಿಸಿದರೆ ನೆಟ್ಟಗಾಗುತ್ತದೆ ಎಂದು ಲೆಕ್ಕ ಹಾಕಿದಳು. ಎದುರು ಸೀಟಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹಳ್ಳಿಯ ಮುದುಕಿ ಬಹಳ ಹೊತ್ತು ನೋಡಿ ಕೇಳಿದಳು: ‘ಯಾಕವ್ವಾ, ಅಷ್ಟ್ ಚೆಂದಾಗಿರಾದ್ನ ಬಿಚ್ತಾ ಇದೀಯಾ? ಅಳ್ತೆ ತಪ್ತಾ?’

‘ಹೂಂ, ತಪ್ತು’ ಎಂದಳು ಕೌಸಲ್ಯ.

‘ಬುಡು, ಮಾಡ್ದೋಳ್ಗೆ ಇನ್ನೊಂದ್ ಮಾಡಾಕೆ ಎಷ್ಟೊತ್ತು’ ಎಂದು ಮುದುಕಿ ಸಮಾಧಾನ ಹೇಳಿ ಕಣ್ಣು ಮುಚ್ಚಿದಳು. ಬಸ್ಸು ತುಮಕೂರು ಸೇರುವ ಹೊತ್ತಿಗೆ ಎರಡೂ ತೋಳುಗಳು ಮುಗಿದಿದ್ದವು.

ಅಲಮೇಲಮ್ಮ ಜಗಲಿಯ ಮೇಲೆ, ಬಿಸಿಲು ಎಂದೋ ಹೋದ ಜಾಗದಲ್ಲೇ, ಸೆರಗನ್ನು ಭುಜದ ಸುತ್ತ ಎಳೆದುಕೊಂಡು ಕಾಯುತ್ತಿದ್ದರು. ಸೊಸೆಯ ಬರಿಯ ಹೆಗಲು ಮೊದಲು ಕಣ್ಣಿಗೆ ಬಿತ್ತು.

‘ಶಾಲು ಎಲ್ಲೇ?’

‘ಭಟ್ಟರ ಹೆಂಡತಿ ಚಳೀಲಿ ನಡುಗ್ತಿದ್ರು ಅತ್ತೆ. ನೋಡಕ್ಕಾಗ್ಲಿಲ್ಲ, ಹೊದಿಸಿ ಬಂದೆ.’ ಸುಳ್ಳು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಅಲಮೇಲಮ್ಮ ಸೆರಗನ್ನು ಮತ್ತೆ ಎಳೆದುಕೊಂಡು, ‘ಒಳ್ಳೇ ಕೆಲಸ ಮಾಡ್ದೆ ಬಿಡು. ಅವರಿದ್ದಿದ್ರೂ ಅದನ್ನೇ ಮಾಡ್ತಿದ್ರು’ ಎಂದರು. ಆಮೇಲೆ ದನಿ ತಗ್ಗಿಸಿ, ಕೇಳಬಾರದ್ದನ್ನು ಕೇಳುವವರಂತೆ, ‘ಹಾಕ್ಕೊಂಡಿದ್ರಾ?’ ಎಂದರು.

‘ಹೂಂ.’

‘ಹ್ಯಾಗೆ ಕಾಣ್ತಿತ್ತು?’

ಕೌಸಲ್ಯ ಚೀಲವನ್ನು ಕಾಲ ಹತ್ತಿರ ಇಟ್ಟು ಜಗಲಿಯ ಕೆಳಮೆಟ್ಟಿಲ ಮೇಲೆ ಕೂತಳು. ಚೆನ್ನಾಗಿತ್ತು ಎಂದು ಒಂದೇ ಮಾತಿನಲ್ಲಿ ಮುಗಿಸಬೇಕು ಎಂದುಕೊಂಡಿದ್ದಳು. ಆಗಲಿಲ್ಲ. ‘ಬಿಸಿಲಲ್ಲಿ ಕೂತಿದ್ರು ಅತ್ತೆ. ಪೇಪರ್ ಓದ್ತಾ. ತೋಳು ಒಂಚೂರು ಉದ್ದ ಆಗಿ, ಮಣಿಕಟ್ಟಿನ ಹತ್ರ ಒಂದು ಮಡಿಕೆ ಮಡಚ್ಕೊಂಡಿದ್ರು. ಮೇಲಿನ ಗುಂಡಿ ಹಾಕಿರಲಿಲ್ಲ. ಭುಜ ಸರಿಯಾಗಿ ಕೂತಿತ್ತು. ನನ್ನ ನೋಡಿ ಕನ್ನಡಕ ತೆಗೆದು ಒರೆಸ್ಕೊಂಡ್ರು. ಬೆಚ್ಚಗಿದೆಯಮ್ಮ ಅಂದ್ರು.’ ಹೇಳುತ್ತ ಹೋದಂತೆ ಅವಳಿಗೆ ಅದು ಕಾಣುತ್ತಲೇ ಇತ್ತು. ನಿಲ್ಲಿಸಲು ಮನಸ್ಸೇ ಬರಲಿಲ್ಲ. ಶ್ರೀಕಂಠಯ್ಯನವರಿಗೆ ಕನ್ನಡಕವಿಲ್ಲ. ಅದು ಅಲಮೇಲಮ್ಮನಿಗೂ ಗೊತ್ತಿತ್ತು. ಆದರೆ ಅವರು ತಡೆಯಲಿಲ್ಲ, ಕಣ್ಣು ಮುಚ್ಚಿಕೊಂಡು ಕೇಳಿದರು. ಕೆನ್ನೆಯ ಮೇಲೆ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಆಮೇಲೆ ಕೈ ಚಾಚಿ ಸೊಸೆಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಮುದುಕಿಯ ಬೆರಳುಗಳು ತಣ್ಣಗೆ ಕೊರೆಯುತ್ತಿದ್ದವು.

‘ಅವತ್ತಿಂದ ಕನಸಲ್ಲಿ ಬಂದಿಲ್ಲ ಕಣೇ’ ಎಂದರು. ‘ಮುಟ್ಟಿರ್ಬೇಕು.’

ಕೌಸಲ್ಯ ಕೈ ಬಿಡಿಸಿಕೊಳ್ಳಲಿಲ್ಲ. ಹೇಳಿಬಿಡಬೇಕು ಎಂದು ಬಾಯಿಯವರೆಗೆ ಬಂತು. ಹೇಳಿದರೆ ಚೀಲ ತೆರೆದು ತೋರಿಸಬೇಕಾಗುತ್ತದೆ, ತೋರಿಸಿದರೆ ಅದನ್ನು ಮತ್ತೆ ಹೆಣೆದು ಮತ್ತೆ ಯಾರಿಗೋ ಕೊಡಬೇಕಾಗುತ್ತದೆ. ಬಾಯಿ ಮುಚ್ಚಿದಳು.

‘ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ’ ಎಂದರು ಅಲಮೇಲಮ್ಮ. ‘ಶಾಲೂ ಹೋಯ್ತಲ್ಲ. ನನಗೂ ಒಂದು ಹಾಕ್ಕೊಡ್ತೀಯೇನೆ? ನಾನು ಹೋದ್ಮೇಲೆ ಯಾರಿಗೋ ಕೊಡೋದು ಬೇಡ. ಇರೋವಾಗ್ಲೇ ಹಾಕ್ಕೋತೀನಿ. ಅದೇ ಬಣ್ಣದ್ದು.’

‘ಆ ಬಣ್ಣ ಈಗ ಸಿಗಲ್ಲ ಅತ್ತೆ.’

‘ಹೋಗ್ಲಿ, ಯಾವ ಬಣ್ಣ ಆದ್ರೇನು. ನಿನ್ನ ಕೈಯದಾದ್ರೆ ಸಾಕು’ ಎಂದು ಮುದುಕಿ ಮೆಲ್ಲಗೆ ನಕ್ಕು ಸೊಸೆಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

‘ಆಗಲಿ ಅತ್ತೆ, ಹಾಕ್ಕೊಡ್ತೀನಿ’ ಎಂದಳು ಕೌಸಲ್ಯ. ಹಾಕಿಕೊಡುವುದಿಲ್ಲವೆಂದು ಆ ಮಾತು ಆಡುವಾಗಲೇ ಅವಳಿಗೆ ಗೊತ್ತಿತ್ತು.